ಎಲೆಯ ಹಸಿರು, ಪಿತ್ತದ ಹಸಿರು

ಬಾಳಂತಿಗೆ ಏನು ಕೆಲಸ, ಉಂಡು ಮಲಗುವುದು ಎಂದು ನಮ್ಮ ಕಡೆ ಹೇಳುತ್ತಾರೆ. ನನ್ನ ಬಾಳಂತನದ ಮುಖ್ಯ ಕೆಲಸ ಬಟ್ಟೆ ನೋಡುವುದಾಗಿತ್ತು. ಕೂಸಿನ ಬಾಯಿ ಒರೆಸಿದ ಬಟ್ಟೆ, ಗದ್ದದ ಕೆಳಗಿಟ್ಟ ಚೌಕ, ಲಂಗೋಟಿ, ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ಬಣ್ಣ ನೋಡಿ, ಮೂಗಿನ ಹತ್ತಿರ ತಂದು, ಆಮೇಲೇ ಬಕೆಟ್ಟಿಗೆ ಹಾಕುತ್ತಿದ್ದೆ. ಅಮ್ಮ ನಗುತ್ತಿದ್ದಳು. "ಅಂಗಡ್ಯಾಗ ಸೀರಿ ಆರಿಸಿದಂಗ ಆರಿಸ್ತಿ ನೋಡು." ತವರುಮನೆ ಕಲಬುರಗಿಯಲ್ಲಿ, ಸೂಪರ್ ಮಾರ್ಕೆಟ್ ಎಂದು ಕರೆಯುವ ಬಟ್ಟೆ ಅಂಗಡಿಗಳ ಪೇಟೆಯ ಹಿಂದಿನ ಗಲ್ಲಿಯಲ್ಲಿ. ಸೀರೆ ಆರಿಸುವವರನ್ನು ನೋಡುತ್ತಲೇ ಬೆಳೆದವಳು ನಾನು.

ಈ ಕೆಲಸವನ್ನು ನನಗೆ ಹಚ್ಚಿದವರು ಮಕ್ಕಳ ಶಸ್ತ್ರವೈದ್ಯರು. ಮಗಳು ಹುಟ್ಟಿದ ಮರುದಿನವೇ ಹಸಿರು ಕಕ್ಕಿದ್ದಳು. ಸಣ್ಣ ಕರುಳು ಒಂದು ಕಡೆ ಬೆಳೆಯದೆ ಮುಚ್ಚಿಕೊಂಡಿತ್ತು. ಅವರು ಆ ತುಂಡನ್ನು ತೆಗೆದು ಎರಡು ತುದಿಗಳನ್ನು ಹೊಲಿದು ಕೂಡಿಸಿದರು. ಹೊಕ್ಕುಳ ಮೇಲೆ ಅಡ್ಡಲಾಗಿ ಒಂದು ಗೀರು ಉಳಿಯಿತು, ಗುಲಾಬಿ ಬಣ್ಣದ್ದು, ನನ್ನ ಕಿರುಬೆರಳಿನಷ್ಟು ಉದ್ದ. ಮನೆಗೆ ಕಳಿಸುವಾಗ ವೈದ್ಯರು ನನ್ನನ್ನೇ ಎದುರಿಗೆ ಕೂರಿಸಿಕೊಂಡು ಹೇಳಿದರು: "ಹೊಟ್ಟಿ ಒಮ್ಮೆ ತೆರೆದ್ರ ಒಳಗ ಗಾಯ ಮಾಗೋವಾಗ ಅಂಟು ಬೀಳ್ತದರಿ. ಭಾಳ ಮಂದಿಗಿ ಏನೂ ಆಗಲ್ಲ. ಕೆಲವರಿಗಿ ಆ ಅಂಟು ಕರುಳನ್ನ ಹಿಡೀತದ. ಹಸಿರು ವಾಂತಿ ಆತು, ಹೊಟ್ಟಿ ಉಬ್ಬಿತು, ಸಂಡಾಸ ನಿಂತಿತು ಅಂದ್ರ ಹಾಲು ಬಂದ್ ಮಾಡಿ ನೇರ ಇಲ್ಲಿಗೇ ಬರ್ರಿ. ಹಾದ್ಯಾಗ ಯಾರನ್ನೂ ಕೇಳಬ್ಯಾಡ್ರಿ."

ಆ ಮೊದಲ ಆಸ್ಪತ್ರೆವಾಸದಲ್ಲಿ ಅವಳನ್ನು ಎದೆಗೆ ಹಚ್ಚಿಕೊಳ್ಳಲು ಸಿಕ್ಕಿದ್ದು ಕಡೆಕಡೆಗೆ ಮಾತ್ರ. ಮನೆಗೆ ಬಂದ ಮೇಲೆ ಕೆಲವು ವಾರ ನಾನು ಬೇರೇನೂ ಬಯಸಲಿಲ್ಲ. ಹಾಲು ಕುಡಿಯುವಾಗ ಅವಳ ಗಂಟಲಲ್ಲಿ ಸಣ್ಣ ಸದ್ದಾಗುತ್ತಿತ್ತು, ಬಿಂದಿಗೆಯ ಕೊರಳಲ್ಲಿ ನೀರು ಇಳಿದ ಹಾಗೆ. ಬಲಗೈ ಮೇಲೆ ಬಂದು ನನ್ನ ತಾಳಿಯ ಸರವನ್ನು ಹಿಡಿಯುತ್ತಿತ್ತು. ಕುಡಿದು ಸಾಕಾದಾಗ ಬೆರಳು ಒಂದೊಂದೇ ಬಿಚ್ಚಿಕೊಳ್ಳುತ್ತಿದ್ದವು. ಬೆರಳು ಬಿಚ್ಚಿದರೆ ಹೊಟ್ಟೆ ತುಂಬಿತು ಎಂದು ನನಗೆ ಗೊತ್ತಾಗುತ್ತಿತ್ತು.

ಆಸ್ಪತ್ರೆಯ ಓಡಾಟದಲ್ಲಿ ತೊಟ್ಟಿಲಿಗೆ ಹಾಕುವ ಕಾರ್ಯ ಮುಂದೆ ಹೋಗಿತ್ತು. ಹೆಸರೂ ಇಟ್ಟಿರಲಿಲ್ಲ. ಯಜಮಾನರ ಮನೆ ಕಮಲಾಪುರದಲ್ಲಿ, ಅಲ್ಲೇ ಅವರದು ಬೀಜ ಗೊಬ್ಬರದ ಅಂಗಡಿ. ಅತ್ತೆ ದಿನಾ ಫೋನಿನಲ್ಲಿ ಕೇಳುತ್ತಿದ್ದರು. ಕಡೆಗೆ ಒಂದು ದಿನ ಗೊತ್ತಾಯಿತು. ಎರಡು ದಿನ ಮೊದಲೇ ಕೂಸನ್ನು ಕರೆದುಕೊಂಡು ನಾನು ಕಮಲಾಪುರಕ್ಕೆ ಬಂದೆ.

ಪಡಸಾಲೆಯ ತೊಲೆಗೆ ಕಟ್ಟಿಗೆಯ ತೊಟ್ಟಿಲು ಕಟ್ಟಿದ್ದರು. ಅತ್ತೆ ಅದರ ಕಂಬಗಳನ್ನು ಎಣ್ಣೆ ಹಚ್ಚಿ ತಿಕ್ಕಿ ತಿಕ್ಕಿ ಮಿರುಗಿಸಿದ್ದರು. ಹಳೆಯ ಇಳಕಲ್ಲು ಸೀರೆಗಳನ್ನು ಮಡಿಸಿ ಹೊಲಿದ ಕೌದಿ, ಕೆಂಪು ಕುಂಚಿಗೆ, ಮೂಲೆಯಲ್ಲಿ ಎರಡು ಗೊನೆ ಕೆಂಪು ಬಾಳೆಹಣ್ಣು. ಕೂಸಿನ ಮುಖ ನೋಡಿ ಅತ್ತೆ ಲಟಿಕೆ ಮುರಿದು, "ನನ್ನ ರಾಣಿ, ಇಷ್ಟ್ ದಿನ ಎಲ್ಲಿ ಹೋಗಿದ್ದಿ ನೀ?" ಎಂದರು. ಹೊಟ್ಟೆಯ ಮೇಲಿನ ಗೀರನ್ನು ಮಾತ್ರ ನೋಡಲಿಲ್ಲ. ಅಂಗಿ ತೆಗೆಯುವಾಗ ಪ್ರತಿಸಲವೂ ಬೇರೆ ಕಡೆ ತಿರುಗುತ್ತಿದ್ದರು.

ತೊಟ್ಟಿಲು ಕಾರ್ಯದ ಹಿಂದಿನ ದಿನ ಬೆಳಿಗ್ಗೆ ಕೂಸು ಯಾಕೋ ಬಿಟ್ಟು ಬಿಟ್ಟು ಅಳುತ್ತಿತ್ತು. ಹಾಲಿಗೆ ಬಾಯಿ ಹಾಕುವುದು, ನಾಲ್ಕು ಗುಟುಕು ಕುಡಿದು ಬಾಯಿ ಬಿಡುವುದು. ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಅತ್ತೆಯ ತೊಡೆಯ ಮೇಲೆ ಮಲಗಿತ್ತು, ಗದ್ದದ ಕೆಳಗಿನ ಬಿಳಿ ಚೌಕ ಹಸಿರಾಗಿತ್ತು. ನಾನು ಒದ್ದೆ ಕೂದಲಲ್ಲೇ ಓಡಿ ಬಂದು ಪಕ್ಕ ಕೂತೆ.

"ಅಂಜಬ್ಯಾಡ, ಅಂಜಬ್ಯಾಡ," ಎಂದರು ಅತ್ತೆ. "ಹೊಟ್ಟಿ ನೋವಿಗಿ ಅಜವಾನದ ಎಲಿ ಬಾಡಿಸಿ ಎರಡ್ ಹನಿ ರಸ ಹಿಂಡಿದ್ದೆ. ಅದೇ ಹೊರಗ ಬಂದದ. ನಿನ್ನ ಗಂಡಗೂ ಇದನ್ನೇ ಕುಡಿಸಿ ಬೆಳಿಸೀನಿ."

ಅಜವಾನದ ಎಲೆ ಎಂದರೆ ದೊಡ್ಡಪತ್ರೆ. ಹಿತ್ತಲಲ್ಲಿ ಒಡೆದ ಕೊಡದ ತುಂಬ ಬೆಳೆದಿತ್ತು. ನಮ್ಮ ಕಡೆ ಯಾವ ಮನೆಯಲ್ಲಿ ಕೂಸಿಗೆ ಇದನ್ನು ಹಿಂಡುವುದಿಲ್ಲ? ಯಜಮಾನರು ಅಂಗಡಿಯಿಂದ ಬಂದು ನೋಡಿ, "ಎಲಿ ಕುಡಿಸಿದ್ರ ಹಸಿರೇ ಬರ್ತದ, ಮತ್ತೇನ್ ಕೆಂಪು ಬರ್ತದಾ?" ಎಂದು ನಿರಾಳವಾಗಿ ಕೂತರು. ಉತ್ತರ ಅಷ್ಟು ಸರಿಯಾಗಿ ಕೂಡಿತ್ತು. ಮನೆಯಲ್ಲಿ ಎಲ್ಲರ ಉಸಿರೂ ಕೆಳಗಿಳಿಯಿತು, ನನ್ನದೂ.

ಸ್ವಲ್ಪ ಹೊತ್ತಿಗೆ ಮತ್ತೆ ಕಕ್ಕಿದಳು. ಈ ಸಲ ನಾನೇ ಎತ್ತಿಕೊಂಡಿದ್ದೆ, ನನ್ನ ಭುಜದ ಮೇಲಿನ ಬಟ್ಟೆಗೇ ಬಂತು. ಅಭ್ಯಾಸದಂತೆ ಕಿಟಕಿಯ ಹತ್ತಿರ ಒಯ್ದು ಮೂಸಿದೆ. ಅಜವಾನದ ಎಲೆ ಮುರಿದರೆ ಕೈ ತೊಳೆದ ಮೇಲೂ ಬೆರಳಿಗೆ ವಾಸನೆ ಉಳಿಯುತ್ತದೆ. ಈ ಬಟ್ಟೆಗೆ ಆ ವಾಸನೆ ಇರಲಿಲ್ಲ. ಹುಳಿ ಹಾಲಿನ ವಾಸನೆಯೂ ಇರಲಿಲ್ಲ.

ಆಗ ನಾನು ಮಾಡಿದ್ದು ಯಾವ ಮನೆಯಾಕೆಯೂ ಮಾಡಬಹುದಾದ ಕೆಲಸ. ಶಾಲೆಯಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಸನ್ಯಾಸಿನಿಯರು ಒಂದು ಮಾತು ಹೇಳುತ್ತಿದ್ದರು: ಕಲೆ ತೆಗೆಯುವ ಮೊದಲು ಅದು ಯಾವುದರ ಕಲೆ ಎಂದು ತಿಳಿದುಕೋ. ಹಿತ್ತಲಿಗೆ ಹೋಗಿ ಎರಡು ಎಲೆ ಕಿತ್ತು, ಕೆಂಡಕ್ಕೆ ಹಿಡಿದು ಬಾಡಿಸಿ, ಅದೇ ಬಟ್ಟೆಯ ಇನ್ನೊಂದು ಮೂಲೆಗೆ ಹಿಂಡಿದೆ. ತುಸು ಎದೆಹಾಲನ್ನೂ ಅದಕ್ಕೆ ಬೆರೆಸಿದೆ. ಬಟ್ಟೆಯನ್ನು ಬಿಸಿಲಿಗೆ ಕಲ್ಲಿನ ಮೇಲೆ ಹರವಿ ಕೂತೆ.

ಎದುರುಮನೆಯ ಆಯಿ ನಾಳೆಯ ಹೋಳಿಗೆಗೆ ಬೇಳೆ ಆರಿಸಲು ಬಂದವರು ನನ್ನನ್ನು ನೋಡಿ ಅತ್ತೆಯನ್ನು ಕೂಗಿದರು. "ಏನ್ರೀ ಇದು, ನಿಮ್ಮ ಸೊಸಿ ಬಟ್ಟಿ ಮ್ಯಾಲ ಎಲಿ ಹಿಂಡಿ ಕುಂತಾಳ! ಕಾನ್ವೆಂಟ್ ಕಲ್ತಾಕಿ, ಪರೀಕ್ಷಾ ಬರ್ಯಾಕತ್ತಾಳೇನು?"

"ಹೌದ್ರಿ ಆಯಿ," ಎಂದೆ. "ಪಾಸಾದ್ರ ನಿಮಗೂ ಹೇಳ್ತೀನಿ."

ಎಲೆಯ ರಸ ಆರುತ್ತ ಆರುತ್ತ ಅಂಚಿನಲ್ಲಿ ಕಂದಾಯಿತು, ನಡುವೆ ಮಂಕಾದ ಹುಲ್ಲಿನ ಬಣ್ಣ ಉಳಿಯಿತು. ಕೂಸಿನ ಕಲೆ ಕಂದಲಿಲ್ಲ. ಒಣಗಿದಷ್ಟೂ ಹಳದಿ ಬೆರೆತ ಹಸಿರಾಗಿ ತೆಳ್ಳಗೆ ಹೊಳೆಯುತ್ತಿತ್ತು. ನನಗೆ ಆ ಬಣ್ಣದ ಗುರುತಿತ್ತು. ಹುಟ್ಟಿದ ಮರುದಿನ ನೋಡಿದ ಪಿತ್ತದ ಬಣ್ಣ ಅದು. ಒಳಗೆ ಹೋಗಿ ಲಂಗೋಟಿ ಬಿಚ್ಚಿದೆ. ಹಿಂದಿನ ಸಂಜೆಯಿಂದ ಅದು ಒದ್ದೆಯಾಗಿತ್ತೇ ಹೊರತು ಹೊಲಸಾಗಿರಲಿಲ್ಲ. ಗಂಟು ಹಾಕಿದ ಜಾಗದಲ್ಲಿ ಸೊಂಟದ ಸುತ್ತ ಗೆರೆ ಮೂಡಿತ್ತು. ಗಂಟು ನಾನು ಎಂದಿನಂತೆಯೇ ಹಾಕಿದ್ದೆ, ಹೊಟ್ಟೆ ಎಂದಿನಂತಿರಲಿಲ್ಲ.

"ಅತ್ತಿ, ಇದು ಎಲಿ ಅಲ್ರಿ," ಎಂದು ಬಟ್ಟೆ ಅವರ ಕೈಗಿಟ್ಟೆ. "ನಾವು ಈಗ್ಲೇ ದವಾಖಾನಿಗಿ ಹೋಗಬೇಕು."

"ನಾಳೆ ತೊಟ್ಟಿಲಾ ಅದ, ಮಂದಿಗೆಲ್ಲಾ ಹೇಳೀವಿ, ಇವತ್ತ ದವಾಖಾನಿನಾ?" ಎಂದರು ಯಜಮಾನರು. ಸಿಟ್ಟಿನಿಂದಲ್ಲ, ದಿಗಿಲಿನಿಂದ.

ಆಯಿ ಕೂಸಿನ ಹೊಟ್ಟೆಯ ಮೇಲೆ ಬೆರಳಿಂದ ಬಡಿದು ನೋಡಿದರು. "ಹೊಟ್ಟಿ ಬಿಗದದ, ಅಷ್ಟೇ. ಸೂಜಿ ಕಾಸಿ ಹೊಕ್ಕಳ ಸುತ್ತ ಸಣ್ಣ ಚುಟಿಗಿ ಇಟ್ರ ಜಲ್ದಿ ಇಳೀತದ. ನಮ್ಮ ಮೊಮ್ಮಗಗ ಇಟ್ಟಿದ್ದೆವು, ಈಗ ನೋಡ್ರಿ ಹೋರಿ ಇದ್ದಂಗ ಆಗ್ಯಾನ."

"ಬ್ಯಾಡ್ರಿ ಆಯಿ," ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು. "ಈ ಹೊಟ್ಟಿಗಿ ಇನ್ನ ಯಾರೂ ಏನೂ ಹಚ್ಚಬ್ಯಾಡ್ರಿ."

ಅತ್ತೆ ಇಷ್ಟು ಹೊತ್ತೂ ಬಟ್ಟೆ ಹಿಡಿದು ನಿಂತಿದ್ದರು. ಮೊದಲು ಎಲೆಯ ಮೂಲೆಯನ್ನು ಮೂಸಿದರು, ಆಮೇಲೆ ಇನ್ನೊಂದನ್ನು. ಮತ್ತೊಮ್ಮೆ ಮೂಸಿದರು. ಆ ದಿನ ಮೊದಲ ಸಲ ಕೂಸಿನ ಹೊಟ್ಟೆಯ ಗೀರನ್ನು ನೇರವಾಗಿ ನೋಡಿದರು.

"ಇದು ನನ್ನ ಎಲಿದಲ್ಲ," ಎಂದು ಮಗನ ಕಡೆ ತಿರುಗಿದರು. "ಏ, ಗಾಡಿ ತಗಿ. ಹೋಳಿಗಿ ಎಲ್ಲಿಗೂ ಓಡಿ ಹೋಗಲ್ಲ."

ವೈದ್ಯರಿಗೆ ಫೋನು ಮಾಡಿದಾಗ ಅವರು ಹೇಳಿದ್ದು ಒಂದೇ ಮಾತು: ಒಂದು ಹನಿ ಹಾಲನ್ನೂ ಕೊಡಬೇಡಿ, ಬನ್ನಿ. ಹಾಲು ಕೊಡದೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂರುವುದು ಎಷ್ಟು ಕಷ್ಟ ಎಂದು ಆ ದಾರಿಯಲ್ಲಿ ತಿಳಿಯಿತು. ಕಲಬುರಗಿ ಹಾದಿಯ ಮಹಾಗಾಂವದ ಹತ್ತಿರ ತೊಗರಿ ಚೀಲ ಹೇರಿದ ಟ್ರ್ಯಾಕ್ಟರು, ಅದರ ಹಿಂದೆ ಮಂದಿ ತುಂಬಿದ ಟೆಂಪೊ, ಅದರ ಹಿಂದೆ ನಾವು. ಅವಳು ಮುಖವನ್ನು ನನ್ನ ಕುಪ್ಪಸಕ್ಕೆ ತಿಕ್ಕಿ ತಿಕ್ಕಿ ಬಾಯಿ ತೆರೆಯುತ್ತಿದ್ದಳು. ಅವಳ ಅಳುವಿಗೆ ನನ್ನ ಎದೆ ತಾನಾಗಿ ಹಾಲು ಸುರಿಸಿತು, ಕುಪ್ಪಸ ಒದ್ದೆಯಾಯಿತು. ಹಾಲಿನ ವಾಸನೆಗೆ ಅವಳು ಇನ್ನೂ ಅತ್ತಳು. ಅತ್ತೆ ಕೂಸನ್ನು ನನ್ನಿಂದ ತೆಗೆದುಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು. "ನಿನ್ನ ಹತ್ತಿರ ಇದ್ರ ಕೇಳ್ತಾಳ. ನನ್ನ ಹತ್ತಿರ ಏನದ ಅಂತ ಕೇಳ್ತಾಳ?"

ಕಲಬುರಗಿಯ ಆಸ್ಪತ್ರೆಯಲ್ಲಿ ಮೊದಲು ಕ್ಷಕಿರಣ ಚಿತ್ರ ತೆಗೆದರು. ವೈದ್ಯರು ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಗಾಳಿ ತುಂಬಿದ ಕರುಳಿನ ಸುರುಳಿಗಳು ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಕೂತಿದ್ದವು, ಕೆಳಹೊಟ್ಟೆಯಲ್ಲಿ ಗಾಳಿಯೇ ಇರಲಿಲ್ಲ. ಮೂಗಿನಿಂದ ಹೊಟ್ಟೆಗೆ ಸಣ್ಣ ನಳಿಗೆ ಇಳಿಸಿದರು. ಇಳಿಸಿದ ಕೂಡಲೇ ಅದೇ ಹಳದಿ ಹಸಿರು ನೀರು ಚೀಲಕ್ಕೆ ಬಂತು. ಅಂಗೈಯ ಹಿಂದೆ ಸಲೈನ್ ಸೂಜಿ. ಹೊಟ್ಟೆ ಖಾಲಿಯಿಟ್ಟು ಕರುಳಿಗೆ ವಿಶ್ರಾಂತಿ ಕೊಟ್ಟರೆ ಒಮ್ಮೊಮ್ಮೆ ಅಂಟು ತಾನೇ ಸಡಿಲವಾಗುತ್ತದೆ, ಕಾದು ನೋಡೋಣ ಎಂದರು.

ನರ್ಸು ಹೊತ್ತುಹೊತ್ತಿಗೆ ಬಂದು ಹೊಟ್ಟೆಯ ಸುತ್ತಳತೆ ತೆಗೆದುಕೊಳ್ಳುತ್ತಿದ್ದಳು. ಪ್ರತಿಸಲ ಒಂದೇ ಜಾಗದಲ್ಲಿ ಟೇಪು ಕೂರಬೇಕೆಂದು ಹೊಟ್ಟೆಯ ಮೇಲೆ ಪೆನ್ನಿನಿಂದ ಎರಡು ಚುಕ್ಕೆ ಇಟ್ಟಿದ್ದಳು. ಚೀಲದಲ್ಲಿ ಎಷ್ಟು ಬಂತು, ಯಾವ ಬಣ್ಣ ಎಂದು ನೋಡುವಳು. ನನಗೂ ಒಂದು ಕೆಲಸ ಕೊಟ್ಟಳು. "ಹಾಲು ಹಿಂಡೋದು ಬಿಡಬ್ಯಾಡ್ರಿ ಅಕ್ಕಾ. ಬಿಟ್ರ ಬತ್ತಿ ಹೋಗ್ತದ. ಕೂಸಿಗಿ ನಾಳೆ ಬೇಕಾಗ್ತದ." ಪರದೆಯ ಹಿಂದೆ ಕೂತು, ಕುದಿಸಿದ ಸ್ಟೀಲಿನ ಬಟ್ಟಲಿಗೆ ಹಿಂಡಿ, ಶೀಶೆಗೆ ಹಾಕಿ ಫ್ರಿಜ್ಜಿಗೆ ಕಳಿಸುತ್ತಿದ್ದೆ. ಪರದೆಯ ಈಚೆ ಹಾಲು, ಆಚೆ ಹಸಿದ ಕೂಸು. ನಡುವೆ ಒಂದು ನೀಲಿ ಬಟ್ಟೆ ಅಷ್ಟೇ.

ಹೊರಗಿನ ಬೆಂಚಿನಲ್ಲಿ ಅತ್ತೆ ಕೂತಿದ್ದರು. ಬಾಗಿಲು ತೆರೆದಾಗಲೆಲ್ಲ ಒಂದೇ ಪ್ರಶ್ನೆ. "ಹೂಸು ಬಿಟ್ಟಳಾ?"

"ಇನ್ನೂ ಇಲ್ರಿ."

"ನನ್ನ ಹೂಸರೇ ಕೊಡಂಗಿದ್ರ ಎಷ್ಟು ಬೇಕಷ್ಟು ಕೊಡ್ತಿದ್ದೆ," ಎನ್ನುವರು. ಪಕ್ಕದ ಬೆಂಚಿನವರು ಸೆರಗು ಬಾಯಿಗಿಟ್ಟುಕೊಂಡು ನಗುವರು. ಅವರ ಮಕ್ಕಳೂ ಒಳಗಿದ್ದವು.

ಮರುದಿನ ಬೆಳಿಗ್ಗೆ ಟೇಪು ಚುಕ್ಕೆಗಳ ಮೇಲೆಯೇ ಕೂತಿತ್ತು, ಅಳತೆ ಮಾತ್ರ ಏರಿತ್ತು. ಹೊಟ್ಟೆಯ ಚರ್ಮ ಹಿಗ್ಗಿ ಮಿರುಗುತ್ತಿತ್ತು. ಮುಟ್ಟಿದರೆ ಕಾಲು ಮೇಲೆಳೆದುಕೊಳ್ಳುತ್ತಿದ್ದಳು. ಅಳು ಸಣ್ಣದಾಗಿತ್ತು. ನನ್ನ ಮುಖದತ್ತ ಬಾಯಿ ತಿರುಗಿಸುವುದನ್ನೂ ಬಿಟ್ಟಿದ್ದಳು. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ತಂದದ್ದು. ಕೇಳಿ ಕೇಳಿ ಸಿಗದೆ ಸುಮ್ಮನಾದ ಹಾಗಿತ್ತು.

ವೈದ್ಯರು ಮೂವರನ್ನೂ ಕರೆದರು. ಯಜಮಾನರು ಮೊದಲು ಕೇಳಿದರು. "ಸರ್, ಇನ್ನೊಂದ್ ದಿನ ನೋಡಬಹುದಾ? ಮೊನ್ನೆ ಮೊನ್ನೆ ಕೊಯ್ದ ಹೊಟ್ಟಿ. ಮತ್ತ ಅಲ್ಲೇ ಕೊಯ್ಯೋದಂದ್ರ..." ತಮ್ಮ ತಾಯಿಯ ಕಡೆ ನೋಡಿದರು.

"ನನ್ನ ಕೇಳಬ್ಯಾಡಪ್ಪಾ," ಎಂದರು ಅತ್ತೆ. "ನಾ ಎಲಿ ಅಂದಿದ್ದೆ. ಅಕಿನ್ನ ಕೇಳು."

ಎಲ್ಲರೂ ನನ್ನತ್ತ ತಿರುಗಿದರು. ನನಗೆ ಏನು ಗೊತ್ತು? ಹಿಂದಿನ ಗೀರನ್ನು ಸ್ನಾನ ಮಾಡಿಸುವಾಗ ಬೆರಳ ತುದಿಯಿಂದ ಎಷ್ಟು ಹಗುರ ಒರೆಸಿದ್ದೆ ಎಂಬುದಷ್ಟೇ ಗೊತ್ತು. ವೈದ್ಯರನ್ನು ಕೇಳಿದೆ, "ಕಾದ್ರ ಸಿಗೋದೇನು, ಕಾದ್ರ ಹೋಗೋದೇನು, ಎರಡೂ ಹೇಳಿಬಿಡ್ರಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕಾದ್ರ ಆಪರೇಷನ್ ತಪ್ಪಬಹುದು. ಆದ್ರ ಇಷ್ಟು ಸಣ್ಣ ಕೂಸಿನಾಗ ತಾನೇ ಬಿಡೋದು ಕಡಿಮಿ, ಬಿಡೋ ಲಕ್ಷಣನೂ ನನಗ ಕಾಣವಲ್ದು. ಕಾಯೋದ್ರಾಗ ಕರುಳಿನ ರಕ್ತ ನಿಂತ್ರ ಅಷ್ಟು ಕರುಳು ಕತ್ತರಿಸಿ ತೆಗೀಬೇಕಾಗ್ತದ. ಮೊದಲೇ ಒಂದು ತುಂಡು ಹೋಗ್ಯಾದ. ಉಳಿದದ್ದರ ಮ್ಯಾಲೇ ಅಕಿ ಜೀವಮಾನ ಪೂರ್ತಿ ಉಣಬೇಕು."

"ಹಂಗಿದ್ರ ಕಾಯೋದು ಬ್ಯಾಡ್ರಿ," ಎಂದೆ.

ಒಯ್ಯುವ ಮೊದಲು ಅವಳನ್ನು ಒಂದು ನಿಮಿಷ ನನ್ನ ಕೈಗೆ ಕೊಟ್ಟರು. ಮೂಗಿನ ನಳಿಗೆಗೆ ಅಂಟಿಸಿದ ಪಟ್ಟಿಯ ಅಂಚು ಕೆನ್ನೆಯ ಮೇಲೆ ಎದ್ದಿತ್ತು. ಅದನ್ನು ಒತ್ತಿ ಕೂರಿಸಿದೆ. ನನಗೆ ಮಾಡಲು ಉಳಿದಿದ್ದು ಅಷ್ಟೇ.

ಆಮೇಲೆ ವೈದ್ಯರು ಹೊರಬಂದು ಹೇಳಿದ್ದನ್ನು ನಾನು ಇವತ್ತಿಗೂ ಮನಸ್ಸಿನಲ್ಲಿ ನೋಡುತ್ತೇನೆ. ಒಳಗೆ ಸಿಕ್ಕಿದ್ದು ಒಂದೇ ಒಂದು ಎಳೆ, ಹೊಲಿಗೆಯ ದಾರದಷ್ಟು ದಪ್ಪ. ಹಳೆಯ ಗಾಯದ ಒಳಮೈಯಿಂದ ಹೊರಟು ಕರುಳಿನ ಒಂದು ಸುರುಳಿಯ ಮೇಲೆ ಹಾದು ಹಿಂದಕ್ಕೆ ಅಂಟಿಕೊಂಡಿತ್ತು. ಅದರ ಕೆಳಗೆ ಕರುಳು ಮಡಚಿ ಸಿಕ್ಕಿಬಿದ್ದಿತ್ತು. "ಎಳಿ ಕತ್ತರಿಸಿದಿವಿ. ಕರುಳು ನೇರಳೆಹಣ್ಣಿನ ಬಣ್ಣಕ್ಕ ತಿರುಗಿತ್ತು. ಬಿಸಿ ಸಲೈನಿನ ಬಟ್ಟಿ ಸುತ್ತಿ ಕಾಯ್ತಾ ನಿಂತಿವಿ. ಬಟ್ಟಿ ತೆಗೆದು ನೋಡೋದು, ಮತ್ತ ಸುತ್ತೋದು. ಮೆಲ್ಲಗ ಗುಲಾಬಿ ಆತು. ಏನೂ ಕತ್ತರಿಸೋದು ಬೀಳಲಿಲ್ಲ." ಅವರ ಹಣೆಯ ಮೇಲೆ ಟೋಪಿಯ ಅಂಚಿನ ಗುರುತು ಹಾಗೇ ಇತ್ತು. ಯಜಮಾನರು ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು.

ಇನ್ನು ಹಾಲು ಕೊಡಬಹುದು ಎಂದು ನಾನು ಅಂದುಕೊಂಡೆ. ಹಾಗಾಗಲಿಲ್ಲ. ಕರುಳು ಎಚ್ಚರಾಗಬೇಕು, ಚೀಲದ ಹಸಿರು ತಿಳಿಯಾಗಬೇಕು, ಕೂಸು ಗಾಳಿ ಬಿಡಬೇಕು. ನೋವು ಇಳಿದ ಮೇಲೆ ಹಸಿವು ತಿರುಗಿ ಬಂತು, ಅಳುವೂ ದೊಡ್ಡದಾಯಿತು. "ಸಿಸ್ಟರ್, ಈಗ ಕೊಡಲಾ?" ಎಂದು ಕೇಳಿದರೆ, "ಇನ್ನೂ ಇಲ್ಲ ಅಕ್ಕಾ." ಅಳು ಶುರುವಾದರೆ ನಾನು ವಾರ್ಡಿನ ತುದಿಯ ನಲ್ಲಿಗೆ ಹೋಗಿ ಸುಮ್ಮಸುಮ್ಮನೆ ಬಟ್ಟಲು ತೊಳೆಯುತ್ತ ನಿಲ್ಲುತ್ತಿದ್ದೆ. ನೀರಿನ ಸದ್ದಿನಲ್ಲೂ ಅದು ಕೇಳುತ್ತಿತ್ತು. ನಿಜವಾಗಿ ಕೇಳುತ್ತಿತ್ತೋ, ನನ್ನ ಎದೆಗೆ ಕೇಳುತ್ತಿತ್ತೋ.

ಒಂದು ದಿನ ನಳಿಗೆಯಿಂದ ಕೆಲವು ಹನಿ ಬಿಟ್ಟರು. ನಾನು ಹಿಂಡಿದ ಹಾಲು, ಸಿರಿಂಜಿನಲ್ಲಿ, ತಾನಾಗಿ ಇಳಿಯುವಂತೆ ಮೇಲಕ್ಕೆ ಹಿಡಿದು. ಸಂಜೆಗೆ ನಳಿಗೆಯಲ್ಲಿ ಮತ್ತೆ ಹಸಿರು ಕಂಡಿತು. ಹಾಲು ನಿಲ್ಲಿಸಿದರು. "ಹೊಸ ಅಡಚಣಿ ಅಲ್ಲ, ಕರುಳು ಇನ್ನೂ ಮಂದ ಅದ," ಎಂದರು ವೈದ್ಯರು. ನಾನು ತಲೆಯಾಡಿಸಿದೆ. ಪರದೆಯ ಹಿಂದೆ ಹೋಗಿ ಹಿಂಡಲು ಕೂತರೆ ಬಟ್ಟಲಿನ ತಳವೂ ಮುಚ್ಚಲಿಲ್ಲ. ಅವಳು ಕುಡಿಯುವ ದಿನ ಬರುವ ಹೊತ್ತಿಗೆ ನನ್ನಲ್ಲೇ ಇಲ್ಲದಿದ್ದರೆ?

ಅದನ್ನು ಅತ್ತೆಯ ಮುಂದೆ ಹೇಳಿಬಿಟ್ಟೆ. ಮರುದಿನ ಬೆಳಿಗ್ಗೆ ಅವರು ನನ್ನ ತವರಿನಿಂದ ಡಬ್ಬಿ ತುಂಬ, ಹಾಲು ಹೆಚ್ಚಿಸುವ ಅಳ್ವಿ ಬೀಜದ ಪಾಯಸ ಮಾಡಿಸಿ ತಂದು ಎದುರಿಗೆ ಕೂತರು. ಕೂಸಿನ ತಲೆಗೆ ಹಾಕಿದ್ದ ಟೊಪ್ಪಿಗೆಯನ್ನು ನರ್ಸಿನಿಂದ ಕೇಳಿ ತಂದಿದ್ದರು. "ಇದನ್ನ ಮೂಗಿಗಿ ಹಿಡಕೊಂಡು ಹಿಂಡು. ನಮ್ಮ ಎಮ್ಮಿ ಕರುವಿನ ವಾಸನಿ ಇಲ್ದ ಹಾಲು ಕೊಡ್ತಿರಲಿಲ್ಲ."

"ನಾ ಎಮ್ಮಿ ಏನ್ರಿ ಅತ್ತಿ?"

"ಎಮ್ಮಿನೇ ಶ್ಯಾಣೇದು. ಅದು ಹಿಂಗ ಅಳ್ತಾ ಕೂಡ್ತಿರಲಿಲ್ಲ."

ಟೊಪ್ಪಿಗೆಗೆ ಅವಳ ನೆತ್ತಿಯ ವಾಸನೆ ಇತ್ತು, ಸ್ಪಿರಿಟ್ಟಿನ ವಾಸನೆಯ ಅಡಿಯಲ್ಲಿ. ಬಟ್ಟಲಿನ ತಳ ಮುಚ್ಚಿತು. ಆಮೇಲೆ ಇನ್ನೂ ಸ್ವಲ್ಪ ಬಂತು.

ಕೂಸು ಗಾಳಿ ಬಿಟ್ಟಿದ್ದು ಒಂದು ಮಧ್ಯಾಹ್ನ, ನರ್ಸು ಅವಳ ಮಗ್ಗುಲು ಬದಲಿಸುವಾಗ. ಅದರ ಹಿಂದೆಯೇ ಲಂಗೋಟಿಯೂ ಹೊಲಸಾಯಿತು. ನಾನು ಬಾಗಿಲಿಗೆ ಬಂದು ಅತ್ತೆಗೆ ಹೇಳಿದೆ. ಅವರು ಬೆಂಚಿನಿಂದ ಎದ್ದು ಎರಡೂ ಕೈ ಮುಗಿದರು. ಯಾವ ದೇವರಿಗೋ, ಯಾವ ದಿಕ್ಕಿಗೋ. ಬೆಂಚಿನ ಹೆಂಗಸರೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡರು, ಮದುವೆ ಗೊತ್ತಾದ ಸುದ್ದಿಯ ಹಾಗೆ.

ಮತ್ತೆ ಹನಿಯಿಂದ ಶುರು. ನಳಿಗೆಯಿಂದ ಹನಿ, ಹನಿಯಿಂದ ಚಮಚ. ನಳಿಗೆ ತೆಗೆದ ಮೇಲೆ ಒಳಲೆಯಲ್ಲಿ ತುಟಿಯ ಮೂಲೆಗೆ ಮೆಲ್ಲಗೆ. ಪ್ರತಿಯೊಂದಕ್ಕೂ ಹೊತ್ತು, ಪ್ರತಿಯೊಂದಕ್ಕೂ ಅಳತೆ, ಪ್ರತಿಸಲವೂ ನನ್ನ ಪ್ರಶ್ನೆ. ಅಳತೆ ಮುಗಿದರೂ ಅವಳ ಬಾಯಿ ತೆರೆದೇ ಇರುತ್ತಿತ್ತು. ನಾಲಿಗೆಯಿಂದ ಒಳಲೆಯ ಅಂಚನ್ನು ಹುಡುಕುತ್ತಿದ್ದಳು. ನಾನು ಅದನ್ನು ಹಿಂದಕ್ಕೆ ತೆಗೆಯಬೇಕಿತ್ತು. ಕೊನೆಗೊಮ್ಮೆ ವೈದ್ಯರು ಎದೆಗೆ ಹಚ್ಚಿಕೊಳ್ಳಲು ಹೇಳಿದರು, ಅದಕ್ಕೂ ಗಡಿಯಾರ ಹಿಡಿದೇ. ಅವಳು ಮರೆತಿರಬಹುದು ಎಂದು ಹೆದರಿದ್ದೆ. ಎರಡು ಸಲ ಜಾರಿ, ಮೂರನೆಯದಕ್ಕೆ ಹಿಡಿದಳು.

ಅದಾಗಿ ಒಂದು ಬೆಳಿಗ್ಗೆ ವೈದ್ಯರು ಹೊಟ್ಟೆ ಮುಟ್ಟಿ ನೋಡಿ ನರ್ಸಿಗೆ ಏನೋ ಹೇಳಿ ಹೋದರು. ನರ್ಸು ನನ್ನ ಹತ್ತಿರ ಬಂದು ಮಂಚದ ಪಕ್ಕದ ಗಡಿಯಾರವನ್ನು ಎತ್ತಿಕೊಂಡಳು. "ಇನ್ನ ಇದು ಬ್ಯಾಡ್ರಿ ಅಕ್ಕಾ. ನನ್ನನ್ನೂ ಕೇಳಬ್ಯಾಡ್ರಿ. ಅತ್ತಾಗ ಕೊಡ್ರಿ, ಸಾಕಂದಾಗ ಬಿಡ್ರಿ."

ಅಂದು ಕೂಸು ಮಲಗಿಯೇ ಇತ್ತು. ಬಿಸಿಲು ಕಿಟಕಿಯಿಂದ ಇಳಿದು ಮಂಚದ ಕಾಲಿನವರೆಗೆ ಬಂತು. ನಾನು ಮಡಿಲ ಮೇಲೆ ಬಟ್ಟೆ ಹಾಸಿಕೊಂಡು ಸಿದ್ಧವಾಗಿ ಕೂತಿದ್ದೆ. ಪಕ್ಕದ ಮಂಚದಾಕೆ ನಕ್ಕಳು. ಅತ್ತೆ ಗದರಿಸಿದರು. "ಎಬ್ಬಿಸಬ್ಯಾಡ. ಹಸಿಲಿ, ತಾನೇ ಕೇಳ್ತಾಳ." ಯಾವ ಅಳು ಕಿವಿಗೆ ಬೀಳಬಾರದೆಂದು ನಲ್ಲಿಯ ಕೆಳಗೆ ಅಷ್ಟು ದಿನ ಬಟ್ಟಲು ತೊಳೆದಿದ್ದೆನೋ, ಈಗ ಅದೇ ಅಳುವಿಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಅವಳ ಹುಬ್ಬು ಗಂಟಾಯಿತು, ಸಡಿಲಾಯಿತು. ಒಂದು ಕಾಲು ಕೌದಿಯನ್ನು ಒದೆಯಿತು. ತುಟಿ ಏನನ್ನೋ ನೆನೆಸಿಕೊಂಡಂತೆ ಮುಂದೆ ಬಂದು ನಿಂತಿತು.

ಆಮೇಲೆ ಇಡೀ ವಾರ್ಡಿಗೆ ಕೇಳುವಂತೆ ಅತ್ತಳು.